ಸಾಲದ ಆ್ಯಪ್‌ನಲ್ಲಿ ನನ್ನದೂ ಪಾಲಿದೆ: ಹಣ ಹಾಕಿದವನ ಹೊಣೆ ಎಲ್ಲಿಯವರೆಗೆ?

ಡೊಂಬಿವಲಿ ರಾಯರು

ಎಲ್ಲರಿಗೂ ನಮಸ್ಕಾರ. ಹದಿನೈದು ದಿನಗಳಿಂದ ಒಂದು ವಿಷಯ ನನ್ನ ಮನಸ್ಸನ್ನು ಕೊರೆಯುತ್ತಿದೆ. ಮನೆಯಲ್ಲಿ ಹೇಳಿದರೆ ಮಗ "ಅದರಲ್ಲಿ ನಿಮ್ಮ ತಪ್ಪೇನಿದೆ" ಎಂದು ಮಾತು ಮುಗಿಸುತ್ತಾನೆ, ನನಗೆ ಮಾತ್ರ ಸಮಾಧಾನವಾಗುತ್ತಿಲ್ಲ.

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದು ಫೋರ್ಟ್ ಶಾಖೆಯಿಂದ ನಿವೃತ್ತನಾದವನು ನಾನು. 2021ರಲ್ಲಿ ಪರಿಚಯದ ದಲ್ಲಾಳಿಯೊಬ್ಬರ ಮಾತು ಕೇಳಿ, ಗ್ರ್ಯಾಚ್ಯುಯಿಟಿ ಹಣದಲ್ಲಿ ಮೂರು ಲಕ್ಷ ರೂಪಾಯಿ ತೆಗೆದು, ಮೊಬೈಲ್ ಮೂಲಕ ಸಾಲ ಕೊಡುವ ಒಂದು ಕಂಪನಿಯ ಷೇರು ಕೊಂಡೆ. ಅದು ಇನ್ನೂ ಷೇರುಪೇಟೆಗೆ ಬಾರದ ಕಂಪನಿ; ಬಂದ ದಿನ ಬೆಲೆ ನಾಲ್ಕು ಪಟ್ಟಾಗುತ್ತದೆ ಎಂಬ ಆಸೆ ಇತ್ತು. ಆಗ ನಾನು ನೋಡಿದ್ದು ಒಂದೇ ಒಂದು ನಕ್ಷೆಯನ್ನು, ತಿಂಗಳಿಂದ ತಿಂಗಳಿಗೆ ಸಾಲ ವಿತರಣೆ ಹೇಗೆ ಏರುತ್ತಿದೆ ಎಂಬುದನ್ನು. ಜೀವಮಾನವಿಡೀ ಸಾಲದ ಕಡತ ಹಿಡಿದು ಕೂತವನಿಗೆ "ವಸೂಲಿ ಹೇಗೆ ಮಾಡುತ್ತೀರಿ" ಎಂದು ಕೇಳಬೇಕೆಂದು ಹೊಳೆಯಲಿಲ್ಲ.

ಕಳೆದ ತಿಂಗಳು ಮಾಟುಂಗಾದಲ್ಲಿ ನಾನು ಯಾವಾಗಲೂ ಹೋಗುವ ಹೋಟೆಲಿಗೆ ಹೋದಾಗ ಗಲ್ಲೆಯಲ್ಲಿದ್ದ ಹುಡುಗ ತಲೆ ಎತ್ತಲಿಲ್ಲ. ಬೈಂದೂರು ಕಡೆಯವನು, ಆರು ವರ್ಷಗಳಿಂದ ಬಲ್ಲೆ, ನೋಡಿದ ಕೂಡಲೇ ನಗುವ ಹುಡುಗ. ಏನಾಯಿತೆಂದು ಕೇಳಿದ್ದಕ್ಕೆ ಫೋನನ್ನು ನನ್ನ ಕಡೆ ತಿರುಗಿಸಿದ. ಸಾಲಕ್ಕೆ ಅರ್ಜಿ ಹಾಕುವಾಗ ಅವನೇ ತೆಗೆದುಕೊಂಡಿದ್ದ ಫೋಟೋ, ಅದರ ಮೇಲೆ ಕೆಂಪು ಅಕ್ಷರದಲ್ಲಿ ಹಿಂದಿಯಲ್ಲಿ "ಚೋರ್" ಎಂಬ ಬರಹ. ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಎಂಟು ಸಾವಿರ ಸಾಲ ಕೇಳಿದ್ದ, ಶುಲ್ಕ ಮುರಿದುಕೊಂಡು ಕೈಗೆ ಬಂದದ್ದು 6,350 ರೂಪಾಯಿ, ಮೂವತ್ತು ದಿನದ ಗಡುವು ದಾಟಿ ನಾಲ್ಕು ದಿನವಾಗಿತ್ತು. ಆ ಫೋಟೋ ಹೋಟೆಲಿನ ಮಾಲೀಕರಿಗೆ ಹೋಗಿದೆ, ಅಕ್ಕನ ಮಾವನಿಗೆ ಹೋಗಿದೆ, ಊರಿನ ತರಕಾರಿ ಅಂಗಡಿಯವರಿಗೂ ಹೋಗಿದೆ. ಕೆಳಗಿದ್ದ ಲಾಂಛನವನ್ನು ನಾನು ಗುರುತಿಸಿದೆ. ನನ್ನ ಮನೆಗೆ ಬರುವ ವಾರ್ಷಿಕ ವರದಿಯ ಮುಖಪುಟದಲ್ಲಿ ಅದೇ ಇದೆ.

ಷೇರಿಗೆ ಈಗ ಒಂದೂವರೆ ಪಟ್ಟು ಬೆಲೆ ಕೊಡುವವರಿದ್ದಾರೆ ಎಂದು ದಲ್ಲಾಳಿ ಹೇಳುತ್ತಾರೆ. ಮಾರಬೇಕೇ? ಮಾರಿದರೆ ನನ್ನ ಹೊಣೆ ಮುಗಿಯಿತೇ? ಮೊದಲಿಗೆ, ನನಗೆ ಹೊಣೆ ಎಂಬುದು ಇದೆಯೇ?

ಬೊರಿವಲಿ 67

ಮಾರಿಬಿಡಿ ರಾಯರೇ. ಮೂರು ಲಕ್ಷದ ಪಾಲುದಾರನ ಮಾತನ್ನು ಆ ಕಂಪನಿಯಲ್ಲಿ ಯಾರೂ ಕೇಳುವುದಿಲ್ಲ, ನಿಮ್ಮ ನಿದ್ದೆಯಾದರೂ ಉಳಿಯುತ್ತದೆ.

ಚೆಂಬೂರು ಟೀಚರ್

ಮೇಲಿನವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದೂವರೆ ಪಟ್ಟು ಲಾಭಕ್ಕೆ ಮಾರಿ ಅದನ್ನು ಆತ್ಮಸಾಕ್ಷಿ ಎಂದು ಕರೆದರೆ, ಆ ಲಾಭ ಬಂದದ್ದೇ ಇಂಥ ವಸೂಲಿಯಿಂದ ಎಂಬುದನ್ನು ಮರೆತಂತಾಗುತ್ತದೆ. ಕೊಳ್ಳುವವನು ಇನ್ನೊಬ್ಬ ರಾಯರೇ ಆಗಿರುತ್ತಾನೆ, ಅವನಿಗೂ ಅದೇ ಏರುವ ನಕ್ಷೆಯನ್ನು ತೋರಿಸಿರುತ್ತಾರೆ.

ಲೋವರ್ ಪರೇಲ್

ನಾನು ಹೂಡಿಕೆ ನಿಧಿಯೊಂದರಲ್ಲಿ ವಿಶ್ಲೇಷಕನಾಗಿ ಕೆಲಸ ಮಾಡುತ್ತೇನೆ. ಈ ಕ್ಷೇತ್ರವನ್ನು ಹೊರಗಿನಿಂದ ಬೈಯುವುದು ಸುಲಭ, ಆದ್ದರಿಂದ ಒಳಗಿನ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರಿಸಲು ಅವಕಾಶ ಕೊಡಿ.

ನಮ್ಮಂಥ ನಿಧಿಗಳ ಆಯುಷ್ಯ ಸಾಮಾನ್ಯವಾಗಿ ಹತ್ತು ವರ್ಷ. ನಮಗೂ ಹಣ ಕೊಟ್ಟವರಿದ್ದಾರೆ. ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು, ಶ್ರೀಮಂತ ಕುಟುಂಬಗಳು. ಹಣ ಹಾಕಿದ ಹತ್ತು ಕಂಪನಿಗಳಲ್ಲಿ ಹೆಚ್ಚಿನವು ಮುಳುಗುತ್ತವೆ ಎಂದು ಮೊದಲೇ ಗೊತ್ತಿರುವುದರಿಂದ, ಉಳಿಯುವ ಒಂದೆರಡು ಕಂಪನಿಗಳು ಎಲ್ಲರ ನಷ್ಟವನ್ನೂ ತುಂಬಿಕೊಡುವಷ್ಟು ಬೆಳೆಯಲೇಬೇಕಾಗುತ್ತದೆ. ಈ ಒತ್ತಡ ಯಾರೊಬ್ಬರ ದುರಾಸೆಯಿಂದಲೂ ಹುಟ್ಟುವುದಲ್ಲ, ನಿಧಿಯ ಕಟ್ಟುಪಾಡಿನಲ್ಲೇ ಇದೆ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಕೇಳುತ್ತೇನೆ. ಆ ಹುಡುಗ ರಾಯರ ಹಳೆಯ ಬ್ಯಾಂಕಿಗೆ ಹೋಗಿ ಮೂವತ್ತು ದಿನಕ್ಕೆ ಎಂಟು ಸಾವಿರ ಕೇಳಿದ್ದರೆ ಸಿಗುತ್ತಿತ್ತೇ? ಸಂಬಳದ ಚೀಟಿ ಇಲ್ಲದ, ಬಾಡಿಗೆ ಕೋಣೆಯಲ್ಲಿ ಆರು ಜನರ ಜೊತೆ ಮಲಗುವ ಮನುಷ್ಯನಿಗೆ ಹತ್ತು ನಿಮಿಷದಲ್ಲಿ ಸಾಲ ಮಂಜೂರು ಮಾಡಿದ್ದು ತಂತ್ರಜ್ಞಾನವೇ. ಅದಕ್ಕೂ ಮೊದಲು ಅವನಿಗೆ ಇದ್ದದ್ದು ತಿಂಗಳಿಗೆ ನೂರಕ್ಕೆ ಹತ್ತು ಬಡ್ಡಿ ಕೇಳುವ ಖಾಸಗಿ ಲೇವಾದೇವಿಯವನು.

ಮಾಟುಂಗಾ ಹೋಟೆಲಿನವ

ಎಂಟು ಸಾವಿರಕ್ಕೆ 1,650 ರೂಪಾಯಿ ಮುರಿದುಕೊಂಡರೆ ಒಂದೇ ತಿಂಗಳಿಗೆ ನೂರಕ್ಕೆ ಇಪ್ಪತ್ತು ದಾಟಿತು. ಲೇವಾದೇವಿಯವನಿಗಿಂತ ಇದು ಹೇಗೆ ಅಗ್ಗವಾಯಿತು ಸ್ವಾಮಿ? ಲೇವಾದೇವಿಯವನು ಕನಿಷ್ಠ ನನ್ನ ಹೋಟೆಲಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ, ಅವನ ಮುಖ ನೋಡಿ ನಾನು ಮಾತನಾಡಬಹುದಿತ್ತು.

ಲೋವರ್ ಪರೇಲ್

ದರದ ಬಗ್ಗೆ ನೀವು ಹೇಳಿದ್ದು ಸರಿ, ನಾನು ಲೆಕ್ಕ ಹಾಕದೆ ಬರೆದೆ. ಆ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ. ಬ್ಯಾಂಕು ಕೊಡುತ್ತಿತ್ತೇ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಹಿಂಜವಡಿ ತಂತ್ರಜ್ಞೆ

ಈ ಚರ್ಚೆಯಲ್ಲಿ ಸುಮ್ಮನೆ ಓದಿಕೊಂಡು ಹೋಗಲು ನನಗೆ ಸಾಧ್ಯವಾಗಲಿಲ್ಲ, ಏಕೆಂದರೆ 2019ರಲ್ಲಿ ಪುಣೆಯ ಇಂಥದ್ದೇ ಒಂದು ಕಂಪನಿಯಲ್ಲಿ (ಹೆಸರು ಬೇಡ) ಫೋನಿನ ಸಂಪರ್ಕ ಪಟ್ಟಿಗೆ ಅನುಮತಿ ಕೇಳುವ ಪರದೆಯನ್ನು ಬರೆದವಳು ನಾನೇ. ಅನುಮತಿ ಕೊಡದಿದ್ದರೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. "ಒಪ್ಪಿಗೆ" ಗುಂಡಿಗೆ ದೊಡ್ಡ ಹಸಿರು ಬಣ್ಣ, "ಬೇಡ" ಎಂಬುದಕ್ಕೆ ಹಿನ್ನೆಲೆಯಲ್ಲಿ ಕರಗಿಹೋಗುವ ಬೂದು ಬಣ್ಣ. ಎರಡು ವಿನ್ಯಾಸಗಳನ್ನು ಪರೀಕ್ಷಿಸಿ, ಹೆಚ್ಚು ಜನ ಒಪ್ಪಿದ ವಿನ್ಯಾಸವನ್ನು ಉಳಿಸಿಕೊಂಡೆವು, ಆ ವಾರ ನನಗೆ ತಂಡದಲ್ಲಿ ಶಹಬ್ಬಾಸ್ ಸಿಕ್ಕಿತು. ಸಾಲ ತೀರಿಸುವ ಸಾಮರ್ಥ್ಯವನ್ನು ಅಳೆಯಲು ಸಂಪರ್ಕ ಪಟ್ಟಿ ಬೇಕು ಎಂದು ನಮಗೆ ಹೇಳಿದ್ದರು, ನಾನೂ ನಂಬಿದ್ದೆ. ಆ ಪಟ್ಟಿ ವಸೂಲಿ ವಿಭಾಗದ ಕೈಗೆ ಹೋಗುತ್ತದೆ ಎಂದು ತಿಳಿದದ್ದು ಆರು ತಿಂಗಳ ನಂತರ, ತಿಳಿದ ಮೇಲೂ ಮತ್ತೆ ನಾಲ್ಕು ತಿಂಗಳು ಅಲ್ಲೇ ಇದ್ದೆ.

ರಾಯರೇ, ಒಂದು ಸಂಗತಿ ನನಗೆ ಅರ್ಥವಾಗುತ್ತಿಲ್ಲ. ಈಗ ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿಯನ್ನು ಮುಟ್ಟುವಂತಿಲ್ಲ. ರಿಸರ್ವ್ ಬ್ಯಾಂಕ್ ಅದನ್ನು 2023ರಲ್ಲೇ ನಿಷೇಧಿಸಿದೆ. ಹಾಗಿದ್ದರೆ ಈ ಹೆಸರುಗಳು ಅವರಿಗೆ ಎಲ್ಲಿಂದ ಸಿಕ್ಕವು? ಹುಡುಗ ಹಾಕಿಕೊಂಡದ್ದು ನಿಜವಾದ ಆ್ಯಪ್ ಹೌದೇ? ಹೆಸರಾಂತ ಕಂಪನಿಗಳ ಲಾಂಛನ ಕದ್ದ ನಕಲಿ ಆ್ಯಪ್‌ಗಳೂ ಸಾಕಷ್ಟಿವೆ.

ಫೋರ್ಟ್ ವಕೀಲ

ಸಣ್ಣ ತಿದ್ದುಪಡಿ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ಮಾರ್ಗಸೂಚಿ ಹೊರಬಿದ್ದದ್ದು 2022ರ ಸೆಪ್ಟೆಂಬರ್ 2ರಂದು. 2023ರ ಮೇ 31ರಿಂದ ಜಾರಿಗೆ ಬಂದದ್ದು ಗೂಗಲ್ ಪ್ಲೇ ಸ್ಟೋರಿನ ನಿಯಮ. ಮಾರ್ಗಸೂಚಿಯ ಪ್ರಕಾರ ಫೋನಿನ ಕಡತ, ಚಿತ್ರ, ಸಂಪರ್ಕ ಪಟ್ಟಿ, ಕರೆಗಳ ವಿವರ, ಇವು ಯಾವುದನ್ನೂ ಆ್ಯಪ್ ನೋಡುವಂತಿಲ್ಲ. ಗ್ರಾಹಕನ ಗುರುತಿನ ಪರಿಶೀಲನೆಗೆ ಕ್ಯಾಮೆರಾ, ಮೈಕ್, ಸ್ಥಳದ ಮಾಹಿತಿಯನ್ನು ಒಂದು ಬಾರಿ ಮಾತ್ರ, ಸ್ಪಷ್ಟ ಒಪ್ಪಿಗೆಯ ಮೇರೆಗೆ ಬಳಸಬಹುದು. 2025ರ ಮೇ 8ರಂದು ಇವೆಲ್ಲವನ್ನೂ ಸೇರಿಸಿ ಹೊಸ ನಿರ್ದೇಶನಗಳನ್ನು ಹೊರಡಿಸಲಾಗಿದೆ. ಆ್ಯಪ್ ಅಸಲಿಯೇ ಎಂದು ತಿಳಿಯಲು ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲೇ ಈಗ ಪಟ್ಟಿ ಸಿಗುತ್ತದೆ, ರಾಯರು ಅಲ್ಲಿ ನೋಡಲಿ.

ವಸೂಲಿಗೂ ನಿಯಮ ಇದೆ. 2022ರ ಆಗಸ್ಟ್ 12ರ ಸುತ್ತೋಲೆಯಂತೆ ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಕರೆ ಮಾಡುವಂತಿಲ್ಲ. ಸಾಲಗಾರನನ್ನು ಸಾರ್ವಜನಿಕವಾಗಿ ಅವಮಾನಿಸುವಂತಿಲ್ಲ, ಅವನ ಮನೆಯವರ, ಸ್ನೇಹಿತರ ಖಾಸಗಿತನಕ್ಕೆ ಕೈಹಾಕುವಂತಿಲ್ಲ. ಏಜೆಂಟ್ ಹೊರಗಿನವನಾದರೂ ಅವನ ಕೆಲಸಕ್ಕೆ ಸಾಲ ಕೊಟ್ಟ ಸಂಸ್ಥೆಯೇ ಜವಾಬ್ದಾರ.

ಕಲ್ಯಾಣ್ ಲೋಕಲ್

ಇಷ್ಟೆಲ್ಲ ನಿಯಮ ಇದ್ದೂ ಇಷ್ಟು ಜನಕ್ಕೆ ಫೋಟೋ ಹೋಗುತ್ತದೆ ಎಂದರೆ, ನಿಯಮ ಮುರಿದವನಿಗೆ ಆಗುವ ನಷ್ಟಕ್ಕಿಂತ ಬರುವ ಲಾಭ ಹೆಚ್ಚು ಎಂದೇ ಅರ್ಥ. ಬಳಕೆದಾರರ ಮಾಹಿತಿ ಸೋರಿದ ಕೇಂಬ್ರಿಡ್ಜ್ ಅನಲಿಟಿಕಾ ಪ್ರಕರಣದ ನಂತರ 2019ರಲ್ಲಿ ಅಮೆರಿಕದ ವ್ಯಾಪಾರ ಆಯೋಗ (ಎಫ್‌ಟಿಸಿ) ಫೇಸ್‌ಬುಕ್‌ಗೆ ಐದು ಬಿಲಿಯನ್ ಡಾಲರ್ ದಂಡ ಹಾಕಲಿದೆ ಎಂಬ ಸುದ್ದಿ ಬಂದ ದಿನ ಆ ಕಂಪನಿಯ ಷೇರಿನ ಬೆಲೆ ಇಳಿಯಲಿಲ್ಲ, ಏರಿತು. ದಂಡವನ್ನು ಹೂಡಿಕೆದಾರರು ವ್ಯಾಪಾರದ ಖರ್ಚಿನ ಬಾಬ್ತಿಗೆ ಬರೆದುಕೊಂಡರು. ಹೊಣೆ ಇರಬೇಕಾದ ಕಡೆ ಹೀಗಾದರೆ ಕಾನೂನು ಒಂಟಿಯಾಗಿ ಏನು ಮಾಡೀತು?

ವಾಸ್ಕೋ ಕನ್ನಡಿಗ

ನಾನು ಗೋವೆಯಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಕಂಪನಿಯ ಕೆಲಸ ಲಾಭ ಮಾಡುವುದು, ಉಳಿದದ್ದು ಸರ್ಕಾರದ ಕೆಲಸ ಎಂಬ ವಾದಕ್ಕೆ ಎಲ್ಲರೂ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದ ಲೇಖನವನ್ನು ತೋರಿಸುತ್ತಾರೆ, ನನ್ನ ವಿದ್ಯಾರ್ಥಿಗಳಂತೂ ಪ್ರತಿವರ್ಷ ತೋರಿಸುತ್ತಾರೆ. ಆದರೆ ಆ ಲೇಖನದಲ್ಲಿ ಅವರು ಲಾಭದ ಮಾತಿನ ಜೊತೆಗೇ ಒಂದು ಷರತ್ತನ್ನೂ ಇಟ್ಟಿದ್ದಾರೆ: ಸಮಾಜದ ಮೂಲ ನಿಯಮಗಳಿಗೆ, ಅಂದರೆ ಕಾನೂನಿನಲ್ಲಿರುವ ನಿಯಮಗಳಿಗೂ ನೈತಿಕ ರೂಢಿಯಲ್ಲಿರುವ ನಿಯಮಗಳಿಗೂ ಬದ್ಧರಾಗಿರಬೇಕು ಎಂದು. ಅಮ್ಮನ ಕಣ್ಣಿಗೆಂದು ಸಾಲ ಮಾಡಿದವನ ಮುಖದ ಮೇಲೆ ಕಳ್ಳ ಎಂದು ಬರೆಯುವುದು ಯಾವ ರೂಢಿಗೂ ಹೊಂದುವುದಿಲ್ಲ. ಲಾಭವೇ ಧರ್ಮ ಎನ್ನುವವರು ತಮ್ಮ ಗುರುವನ್ನೂ ಅರ್ಧ ಮಾತ್ರ ಓದಿದ್ದಾರೆ.

ಬೊರಿವಲಿ 67

ಆದರೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ಎಂದು ಕಂಪನಿಗಳು ಲಾಭದ ಶೇಕಡಾ ಎರಡನ್ನು ಸಮಾಜಕ್ಕೆ ಕೊಡುತ್ತವಲ್ಲ, ಅದು ಹೊಣೆಗಾರಿಕೆ ಅಲ್ಲವೇ?

ಫೋರ್ಟ್ ವಕೀಲ

2013ರ ಕಂಪನಿ ಕಾಯ್ದೆಯ 135ನೇ ಕಲಮು ನೀವು ಹೇಳುತ್ತಿರುವುದು. ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇಕಡಾ ಎರಡು, ಅದೂ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗಳಿಗೆ. ಅದು ಗಳಿಸಿದ ಲಾಭವನ್ನು ಹೇಗೆ ಖರ್ಚು ಮಾಡಬೇಕೆಂದು ಹೇಳುತ್ತದೆಯೇ ಹೊರತು ಆ ಲಾಭವನ್ನು ಹೇಗೆ ಗಳಿಸಬೇಕೆಂದು ಹೇಳುವುದಿಲ್ಲ. ಬೆಳವಣಿಗೆಗಾಗಿ ವರ್ಷಗಟ್ಟಲೆ ನಷ್ಟದಲ್ಲೇ ನಡೆಯುವ ನವೋದ್ಯಮಗಳಿಗೆ ಸರಾಸರಿ ಲಾಭವೇ ಇಲ್ಲದಿದ್ದರೆ ಎರಡು ಶೇಕಡಾ ಯಾವುದರ ಮೇಲೆ?

ನಮ್ಮ ಚರ್ಚೆಗೆ ಹೆಚ್ಚು ಹತ್ತಿರವಾದದ್ದು ಅದೇ ಕಾಯ್ದೆಯ 166ನೇ ಕಲಮಿನ ಎರಡನೇ ಉಪಕಲಮು. ನಿರ್ದೇಶಕರು ಕಂಪನಿಯ, ಅದರ ನೌಕರರ, ಷೇರುದಾರರ, ಸಮುದಾಯದ ಹಿತಕ್ಕಾಗಿ, ಪರಿಸರದ ರಕ್ಷಣೆಗಾಗಿ ಸದ್ಭಾವನೆಯಿಂದ ನಡೆದುಕೊಳ್ಳಬೇಕು ಎಂದು ಅಲ್ಲಿ ಬರೆದಿದೆ. ಹೂಡಿಕೆ ನಿಧಿಗಳು ತಮ್ಮ ಕಡೆಯಿಂದ ಮಂಡಳಿಗೆ ಕಳುಹಿಸುವ ನಿರ್ದೇಶಕರಿಗೂ ಇದು ಅನ್ವಯಿಸುತ್ತದೆ. ಅವರು ತಮ್ಮ ನಿಧಿಯ ಕಾವಲುಗಾರರಾಗಿ ಮಾತ್ರ ಅಲ್ಲಿ ಕೂತಿರುವುದಿಲ್ಲ.

ಚೆಂಬೂರು ಟೀಚರ್

ನನ್ನ ತಂದೆ ಉಡುಪಿಯಲ್ಲಿ ಅಂಗಡಿ ಇಟ್ಟಿದ್ದರು. ದಿನವೂ ಪಿಗ್ಮಿ ಸಂಗ್ರಾಹಕರು ಬರುತ್ತಿದ್ದರು. ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ಟಿ. ಎಂ. ಎ. ಪೈಯವರು 1928ರಲ್ಲಿ ಶುರು ಮಾಡಿದ ಯೋಜನೆ ಅದು, ದಿನಕ್ಕೆ ಎರಡಾಣೆ ಉಳಿಸುವವರನ್ನೂ ಬ್ಯಾಂಕು ಬಾಗಿಲಿಗೆ ಹೋಗಿ ಮಾತನಾಡಿಸಿತು. ಅಜ್ಜಿ ತೀರಿಕೊಂಡ ವಾರ ಸಂಗ್ರಾಹಕರು ಅಂಗಡಿಯ ಮುಂದೆ ಬಂದು, ಪುಸ್ತಕ ತೆರೆಯದೆ, ಒಂದು ಗಳಿಗೆ ಕೂತು ಎದ್ದುಹೋದದ್ದು ನನಗೆ ನೆನಪಿದೆ. ಬಡವರಿಗೆ ಹಣಕಾಸಿನ ಸೇವೆ ಎಂದರೆ ಜಬರ್ದಸ್ತಿ ಎಂದೇ ಆಗಬೇಕಿಲ್ಲ.

ಲೋವರ್ ಪರೇಲ್

ಟೀಚರ್, ನೆನಪು ಮನಸ್ಸಿಗೆ ತಟ್ಟಿತು, ಆದರೆ ಹೋಲಿಕೆ ಸರಿಹೊಂದುವುದಿಲ್ಲ. ಪಿಗ್ಮಿ ಸಂಗ್ರಾಹಕರು ತರುತ್ತಿದ್ದದ್ದು ಠೇವಣಿ, ಇಲ್ಲಿ ಮಾತು ಸಾಲದ ವಸೂಲಿಯದು. ಠೇವಣಿ ಒಂದು ವಾರ ತಪ್ಪಿದರೆ ಬ್ಯಾಂಕಿಗೆ ನಷ್ಟವಿಲ್ಲ.

ಚೆಂಬೂರು ಟೀಚರ್

ಒಪ್ಪಿದೆ. ಆದರೂ ಸಂಗ್ರಾಹಕರಿಗೆ ನಮ್ಮ ಮನೆಯ ಸುದ್ದಿ ಗೊತ್ತಿತ್ತು, ಆ ಸುದ್ದಿಯನ್ನು ನಮ್ಮ ವಿರುದ್ಧ ಬಳಸಲಿಲ್ಲ. ಇಂದಿನ ಆ್ಯಪ್‌ಗೆ ಮನೆಯ ಎಲ್ಲ ನಂಟೂ ಗೊತ್ತಿದೆ, ಅದನ್ನೇ ಹಗ್ಗ ಮಾಡಿಕೊಂಡಿದೆ. ನನ್ನ ಹೋಲಿಕೆ ಅಷ್ಟಕ್ಕೇ ಸೀಮಿತ.

ಡೊಂಬಿವಲಿ ರಾಯರು

ವಕೀಲರಿಗೆ ಮತ್ತು ತಂತ್ರಜ್ಞೆಗೆ ಕೃತಜ್ಞತೆ. ಹೇಳಿದಂತೆ ಹುಡುಗನ ಜೊತೆ ಕೂತು ಪರಿಶೀಲಿಸಿದೆ. ಆ್ಯಪ್ ನಕಲಿಯಲ್ಲ, ಪ್ಲೇ ಸ್ಟೋರಿನಿಂದಲೇ ಹಾಕಿಕೊಂಡದ್ದು, ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲೂ ಇದೆ. ಅವನ ಪಾಸ್‌ಬುಕ್ಕಿನಲ್ಲಿ 6,350 ರೂಪಾಯಿ ಬಂದ ಖಾತೆ, ನನ್ನ ವಾರ್ಷಿಕ ವರದಿಯಲ್ಲಿ ಪಾಲುದಾರ ಸಂಸ್ಥೆ ಎಂದು ಹೆಸರಿಸಿದ ಬ್ಯಾಂಕೇತರ ಹಣಕಾಸು ಕಂಪನಿಯದ್ದೇ. ಫೋನಿನ ಸೆಟ್ಟಿಂಗಿನಲ್ಲಿ ಸಂಪರ್ಕ ಪಟ್ಟಿಯ ಅನುಮತಿ ಇರಲಿಲ್ಲ.

ಆದರೆ ಒಂದು ವಿಚಿತ್ರ ನೋಡಿ. ಫೋಟೋ ಹೋದ ತರಕಾರಿ ಅಂಗಡಿಯವರು 2022ರಲ್ಲೇ ತೀರಿಕೊಂಡಿದ್ದಾರೆ, ಅವರ ಸಂಖ್ಯೆ ಈಗ ಮಗನ ಬಳಿ ಇದೆ. ಹುಡುಗ ಆ ಸಂಖ್ಯೆಯನ್ನು ಎರಡು ವರ್ಷದ ಹಿಂದೆಯೇ ಅಳಿಸಿದ್ದ. ಫೋನಿನಲ್ಲೇ ಇಲ್ಲದ ಸಂಖ್ಯೆಗೆ ಸಂದೇಶ ಹೋದದ್ದು ಹೇಗೆ?

ಹಿಂಜವಡಿ ತಂತ್ರಜ್ಞೆ

ಅವನು ಇದೇ ಆ್ಯಪ್‌ನಲ್ಲಿ ಹಿಂದೆ ಯಾವಾಗಲಾದರೂ ಸಾಲ ತೆಗೆದಿದ್ದನೇ ಎಂದು ದಯವಿಟ್ಟು ಕೇಳಿ.

ಡೊಂಬಿವಲಿ ರಾಯರು

ಕೇಳಿದೆ. 2021ರಲ್ಲಿ, ಲಾಕ್‌ಡೌನಿನಲ್ಲಿ ಹೋಟೆಲು ಮುಚ್ಚಿದ್ದಾಗ, ಐದು ಸಾವಿರ ತೆಗೆದು ಹೊತ್ತಿಗೆ ಸರಿಯಾಗಿ ತೀರಿಸಿದ್ದ. ನಾನು ಷೇರು ಕೊಂಡ ವರ್ಷವೇ ಅದು. ನಾನು ನೋಡಿದ ಏರುವ ನಕ್ಷೆಯಲ್ಲಿ ಅವನ ಐದು ಸಾವಿರವೂ ಇದ್ದಿರಬೇಕು.

ಹಿಂಜವಡಿ ತಂತ್ರಜ್ಞೆ

ಹಾಗಿದ್ದರೆ ನಡೆದದ್ದು ಹೀಗೆಂದು ನನಗೆ ತೋರುತ್ತದೆ. 2021ರಲ್ಲಿ ಅವನ ಸಂಪರ್ಕ ಪಟ್ಟಿ ಇಡಿಯಾಗಿ ಕಂಪನಿಯ ಸರ್ವರಿಗೆ ಏರಿದೆ. ಅವನು ಆ ಸಾಲ ತೀರಿಸಿದ. ಮರುವರ್ಷ ರಿಸರ್ವ್ ಬ್ಯಾಂಕಿನ ಮಾರ್ಗಸೂಚಿ ಬಂದಾಗ ಆ್ಯಪ್ ಹೊಸದಾಗಿ ಪಟ್ಟಿ ಕೇಳುವುದನ್ನು ನಿಲ್ಲಿಸಿದೆ, ಆದರೆ ಹಿಂದೆ ತೆಗೆದುಕೊಂಡದ್ದನ್ನು ಅಳಿಸಿಲ್ಲ. ಈಗ ಅದೇ ಹಳೆಯ ಪಟ್ಟಿ ಏಜೆಂಟನ ಪರದೆಯ ಮೇಲೆ ಬಂದಿದೆ. ಅದಕ್ಕೇ ಸತ್ತವರ ಸಂಖ್ಯೆಗೂ ಸಂದೇಶ ಹೋಗಿದೆ.

ಇದು ನನಗೆ ಬಹಳ ನೋವಿನ ವಿಷಯ. ನಾನು ಬರೆದ ಪರದೆಯ ಮೂಲಕ ಎಷ್ಟು ಸಾವಿರ ಪಟ್ಟಿಗಳು ಒಳಗೆ ಬಂದವೋ ಗೊತ್ತಿಲ್ಲ. ಅಳಿಸುವ ಕೆಲಸವನ್ನು ಯಾರಿಗಾದರೂ ವಹಿಸಿದ್ದರೇ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ತಂತ್ರಜ್ಞರಲ್ಲಿ ಮಾಹಿತಿ ಸೇರಿಸುವವರಿಗೆ ಬಡ್ತಿ ಇದೆ, ಅಳಿಸುವವರಿಗೆ ಇಲ್ಲ. ದತ್ತಾಂಶ ಅಳಿಸಿದರೆ ನಾಳೆ ಏನಾದರೂ ಬೇಕಾದೀತು ಎಂಬ ಭಯ ಎಲ್ಲ ಕಂಪನಿಗಳಲ್ಲೂ ಇರುತ್ತದೆ.

ಫೋರ್ಟ್ ವಕೀಲ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದರ ಬೆನ್ನಿಗೆ ಬಂತು. ಉದ್ದೇಶ ಮುಗಿದ ಮೇಲೆ ದತ್ತಾಂಶವನ್ನು ಅಳಿಸಬೇಕು ಎಂಬುದು ಆ ಕಾಯ್ದೆಯಲ್ಲಿದೆ, ಕಾಯ್ದೆಯಲ್ಲಿರುವ ಅತಿ ಹೆಚ್ಚಿನ ದಂಡ 250 ಕೋಟಿ ರೂಪಾಯಿ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ, ಕಂಪನಿಗಳ ಮೇಲಿನ ಮುಖ್ಯ ಹೊಣೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ತೀರ್ಪಿನಿಂದ ಕಾಯ್ದೆಗೆ ಆರು ವರ್ಷ, ಕಾಯ್ದೆಯಿಂದ ನಿಯಮಗಳಿಗೆ ಎರಡು ವರ್ಷ. ಈ ನಡುವಿನ ಕಾಲದಲ್ಲಿ ಕಂಪನಿ ಸರಿಯಾಗಿ ನಡೆದುಕೊಂಡರೆ ಅದು ಅದರ ನೀತಿಯಿಂದಲೇ ಆಗಬೇಕಿತ್ತು. ನೈತಿಕ ಹೊಣೆ ಎಂಬ ಮಾತಿಗೆ ಅರ್ಥ ಇರುವುದು ಇಂಥ ಕಾಲದಲ್ಲಿಯೇ.

ಹುಡುಗನ ದೂರಿಗೆ ಮಾತ್ರ ಕಾಯಬೇಕಿಲ್ಲ. ಸಾಲ ಕೊಟ್ಟ ಸಂಸ್ಥೆಯ ದೂರು ನಿವಾರಣಾ ಅಧಿಕಾರಿಗೆ ಬರೆಯಲಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಫೋಟೋ ತಿದ್ದಿ ಕಳುಹಿಸಿದ್ದಕ್ಕೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ಸೈಬರ್ ಪೊಲೀಸರಲ್ಲಿ ದಾಖಲಿಸಲಿ. ಸಂದೇಶಗಳನ್ನು ಅಳಿಸಬಾರದು.

ಮಾಟುಂಗಾ ಹೋಟೆಲಿನವ

ನಮ್ಮ ಹೋಟೆಲಿನಲ್ಲೂ ಇಬ್ಬರಿಗೆ ಹೀಗೆ ಆಗಿತ್ತು. ಒಬ್ಬ ನಾಚಿಕೆಯಿಂದ ಊರಿಗೆ ಹೋದವನು ಮರಳಿ ಬರಲಿಲ್ಲ. ನಾನು ಅವನಿಗೆ ಬೈದಿದ್ದೆ, ಈಗ ಆ ಮಾತು ನನ್ನನ್ನೇ ಚುಚ್ಚುತ್ತಿದೆ.

ಬೊರಿವಲಿ 67

ಸಾಲದ ಆ್ಯಪ್‌ಗಳನ್ನೇ ಏಕೆ ಹಿಡಿಯಬೇಕು? ಷೇರು ವ್ಯವಹಾರದ ಆ್ಯಪ್‌ಗಳನ್ನು ನೋಡಿ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಶನ್ಸ್ (ಷೇರಿನ ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದ) ವ್ಯವಹಾರ ಮಾಡಿದ ಬಿಡಿ ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ನಷ್ಟ ಮಾಡಿಕೊಂಡರೆಂದೂ ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತೆಂದೂ ಷೇರುಪೇಟೆಯ ನಿಯಂತ್ರಕ ಸೆಬಿಯೇ ಹೇಳಿದೆ. ಆ ನಷ್ಟದಲ್ಲಿ ನನ್ನದೂ ಸ್ವಲ್ಪ ಇದೆ. ಒಂದು ಬೆರಳು ಸವರಿದರೆ ವ್ಯವಹಾರ ಮುಗಿಯುವಷ್ಟು ಸಲೀಸು ಮಾಡಿದವರಿಗೆ, ಪ್ರತಿ ವ್ಯವಹಾರಕ್ಕೂ ಶುಲ್ಕ ಬರುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ನಾನು ಮೊದಲು ಹಗುರವಾಗಿ "ಮಾರಿಬಿಡಿ" ಎಂದು ಬರೆದದ್ದಕ್ಕೆ ಕ್ಷಮೆ ಇರಲಿ, ಚರ್ಚೆ ಓದುತ್ತಾ ಹೋದಂತೆ ನನಗೂ ಬೇರೆ ತೋರುತ್ತಿದೆ.

ಕಲ್ಯಾಣ್ ಲೋಕಲ್

ಪುಣೆಯಲ್ಲಿ 1981ರಲ್ಲಿ ಹತ್ತು ಸಾವಿರ ರೂಪಾಯಿಯಲ್ಲಿ ಇನ್ಫೋಸಿಸ್ ಹುಟ್ಟಿತು, 1993ರಲ್ಲಿ ಷೇರು ಬಿಡುಗಡೆಯಾದಾಗ ಪೂರ್ತಿ ಕೊಳ್ಳುವವರೂ ಇರಲಿಲ್ಲ. ಅಂಥ ತಾಳ್ಮೆಯ ಕಾಲ ಹೋಯಿತು. ಈಗ ಮೂರು ವರ್ಷದಲ್ಲಿ ನೂರು ಪಟ್ಟು ಬೇಕು.

ವಾಸ್ಕೋ ಕನ್ನಡಿಗ

ಹಳೆಯ ಕಾಲವೆಲ್ಲ ಚಿನ್ನ ಎನ್ನಬೇಡಿ. 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿ ಪಡೆದ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಅಧ್ಯಕ್ಷರು 2009ರ ಜನವರಿ 7ರಂದು ಸಾವಿರಾರು ಕೋಟಿಯ ಲೆಕ್ಕ ಸುಳ್ಳೆಂದು ತಾವೇ ಪತ್ರ ಬರೆದರು. ಅಲ್ಲಿ ದೊಡ್ಡ ದೊಡ್ಡ ವಿದೇಶಿ ಹೂಡಿಕೆದಾರರಿದ್ದರು, ಹೆಸರಾಂತ ಸ್ವತಂತ್ರ ನಿರ್ದೇಶಕರಿದ್ದರು. ಯಾರೂ ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ.

ಮಾರುವ ವಿಷಯಕ್ಕೆ ಬರುತ್ತೇನೆ. ನಾರ್ವೆ ದೇಶದ ಸರ್ಕಾರಿ ಪಿಂಚಣಿ ನಿಧಿ ತನ್ನ ನೀತಿ ಮಂಡಳಿಯ ಸಲಹೆಯ ಮೇಲೆ ಹಿಂದೆ ಕೆಲವು ಕಂಪನಿಗಳಿಂದ ಹೊರಬಂದಿದೆ, ಮತ್ತು ಏಕೆ ಹೊರಬಂದೆವು ಎಂಬ ಕಾರಣವನ್ನು ಬಹಿರಂಗವಾಗಿ ಪ್ರಕಟಿಸಿದೆ. ಕಾರಣ ಹೇಳಿ ಮಾರುವುದಕ್ಕೂ ದಲ್ಲಾಳಿಯ ಮೂಲಕ ಸದ್ದಿಲ್ಲದೆ ಮಾರುವುದಕ್ಕೂ ಬಹಳ ವ್ಯತ್ಯಾಸವಿದೆ. ರಾಯರು ಸುಮ್ಮನೆ ಮಾರಿದರೆ ಕಂಪನಿಗೆ ಸುದ್ದಿಯೂ ಮುಟ್ಟುವುದಿಲ್ಲ.

ಲೋವರ್ ಪರೇಲ್

ಎರಡು ದಿನ ಸುಮ್ಮನಿದ್ದು ಬರೆಯುತ್ತಿದ್ದೇನೆ. ಕಳೆದ ನಾಲ್ಕು ವರ್ಷದಲ್ಲಿ ನಾನು ಪರಿಶೀಲಿಸಿದ ಸಾಲ ಕಂಪನಿಗಳ ಟಿಪ್ಪಣಿಗಳನ್ನು ತೆಗೆದು ನೋಡಿದೆ. ಪ್ರತಿಯೊಂದರಲ್ಲೂ ವಿತರಣೆ, ಹೊಸ ಗ್ರಾಹಕರನ್ನು ತರುವ ಖರ್ಚು, ವಸೂಲಿಯ ಶೇಕಡಾವಾರು ಇದೆ. ವಸೂಲಿಯ ಅಂಕಿ ಮೂರು ತಿಂಗಳಲ್ಲಿ ಏರಿದ್ದರೆ ನಾವು ಅದರ ಪಕ್ಕದಲ್ಲಿ ಮೆಚ್ಚುಗೆಯ ಗುರುತು ಹಾಕಿದ್ದೇವೆ. ಹೇಗೆ ಏರಿತು ಎಂದು ಒಂದರಲ್ಲೂ ಕೇಳಿಲ್ಲ. ವಸೂಲಿ ಏಜೆನ್ಸಿಗೆ ನಿಗದಿತ ಶುಲ್ಕವೋ ಅಥವಾ ತಂದ ಹಣದಲ್ಲಿ ಪಾಲೋ ಎಂಬುದು ಒಂದರಲ್ಲೂ ಇಲ್ಲ. ಪಾಲು ಎಂದಾದರೆ, ಮತ್ತು ಹಳೆಯ ಸಾಲಕ್ಕೆ ಹೆಚ್ಚು ಪಾಲು ಎಂದಾದರೆ, ಆ ಹುಡುಗನ ಫೋಟೋದ ಮೇಲೆ ಬರೆದ ಕೈ ಯಾರದ್ದೇ ಇರಲಿ, ಬರೆಯಲು ಹಣ ಕೊಟ್ಟದ್ದು ಆ ಒಪ್ಪಂದ. ನಾವು ಯಾವ ಅಂಕಿಯನ್ನು ಕೇಳುತ್ತೇವೋ ಕಂಪನಿ ಅದನ್ನೇ ಬೆಳೆಸುತ್ತದೆ. ಹತ್ತು ವರ್ಷದ ನಿಧಿಯ ಒತ್ತಡ ಎಂದು ನಾನು ಮೊದಲು ಬರೆದದ್ದು ಸುಳ್ಳಲ್ಲ, ಆದರೆ ಈ ಒಂದು ಪ್ರಶ್ನೆ ಕೇಳಲು ಆ ಒತ್ತಡ ಅಡ್ಡ ಬರುತ್ತಿರಲಿಲ್ಲ. ಮುಂದಿನ ಪರಿಶೀಲನೆಯಲ್ಲಿ ಕೇಳುತ್ತೇನೆ.

ಒಂದು ವಾಸ್ತವವನ್ನೂ ಹೇಳಬೇಕು. ಷೇರುಪೇಟೆಯಲ್ಲಿ ಪಟ್ಟಿಯಾಗಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರದೊಳಗಿರುವ ಕಂಪನಿಗಳು ಸೆಬಿಯ ನಿಯಮದಂತೆ ಸಾಮಾಜಿಕ ಹೊಣೆಗಾರಿಕೆಯ ವಿವರವಾದ ವರದಿಯನ್ನು ಕೊಡಬೇಕು, ಗ್ರಾಹಕರ ದೂರುಗಳ ಸಂಖ್ಯೆಯೂ ಅದರಲ್ಲಿರುತ್ತದೆ. ರಾಯರ ಕಂಪನಿ ಪಟ್ಟಿಯಾಗಿಲ್ಲ, ಆ ಬೆಳಕು ಅಲ್ಲಿಗೆ ಬೀಳುವುದಿಲ್ಲ. ಕೇಳಿದರೆ ಪಾಲುದಾರರೇ ಕೇಳಬೇಕು.

ಡೊಂಬಿವಲಿ ರಾಯರು

ಷೇರು ಮಾರುತ್ತಿಲ್ಲ ಎಂದು ದಲ್ಲಾಳಿಗೆ ಹೇಳಿದೆ. ವಾರ್ಷಿಕ ಸಭೆಗೆ ಹೋಗುತ್ತೇನೆ. ಕಂಪನಿ ಕಾರ್ಯದರ್ಶಿಗೆ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದ ಪತ್ರ ಸಿದ್ಧವಾಗಿದೆ. ಕೇಳಿರುವುದು ಮೂರೇ ವಿಷಯ. 2022ಕ್ಕೆ ಮೊದಲು ಗ್ರಾಹಕರ ಫೋನಿನಿಂದ ಪಡೆದ ಸಂಪರ್ಕ ಪಟ್ಟಿಗಳನ್ನು ಅಳಿಸಿದ್ದೀರಾ, ಅಳಿಸಿದ್ದರೆ ಯಾವ ದಿನಾಂಕದಂದು, ಯಾರು ದೃಢೀಕರಿಸಿದರು? ವಸೂಲಿ ಏಜೆನ್ಸಿಗಳಿಗೆ ಹಣ ಕೊಡುವ ಕ್ರಮ ಯಾವುದು? ಕಳೆದ ವರ್ಷ ವಸೂಲಿ ಕಿರುಕುಳದ ದೂರುಗಳನ್ನು ನಿರ್ದೇಶಕ ಮಂಡಳಿಯ ಮುಂದೆ ಎಷ್ಟು ಬಾರಿ ಇಡಲಾಯಿತು?

ಹುಡುಗನಿಗೆ ಪತ್ರ ಓದಿ ಹೇಳಿದೆ. ಅವನು ಕೇಳಿದ್ದು ಒಂದೇ ಮಾತು, "ನನ್ನ ಹೆಸರು ಅದರಲ್ಲಿ ಇರುತ್ತದಾ ಮಾಮ?" ಇತ್ತು. ಎರಡನೇ ಪ್ಯಾರಾದಲ್ಲಿ ಅವನ ಹೆಸರು, ಊರು, ಸಾಲದ ಸಂಖ್ಯೆ ಎಲ್ಲ ಬರೆದಿದ್ದೆ, ಅವನನ್ನು ಕೇಳದೆಯೇ. ತೆಗೆದುಹಾಕಿದೆ. ಅವನ ದೂರು ಬೇರೆಯಾಗಿ, ಅವನ ಸಹಿಯಲ್ಲಿ ಹೋಗಿದೆ.

ಫೋರ್ಟ್ ವಕೀಲ

ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿಯೂ ಇಮೇಲಿನಲ್ಲಿಯೂ ಕಳುಹಿಸಿ. ಷೇರು ನಿಮ್ಮ ಡಿಮ್ಯಾಟ್ (ವಿದ್ಯುನ್ಮಾನ ಷೇರು) ಖಾತೆಯಲ್ಲಿದ್ದರೆ ನೀವು ಕಾನೂನಿನ ಪ್ರಕಾರ ಸದಸ್ಯರು, ಒಂದೇ ಷೇರಿದ್ದರೂ ಸಭೆಗೆ ಬಂದು ಕೇಳಬಹುದು. ಆರ್ಥಿಕ ವರ್ಷ ಮಾರ್ಚಿಗೆ ಮುಗಿಯುವುದರಿಂದ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು, ನೋಟಿಸು ಇಪ್ಪತ್ತೊಂದು ದಿನ ಮೊದಲೇ ಬರುತ್ತದೆ. ಬಂದ ದಿನ ತಿಳಿಸಿ, ಸಭೆ ಮುಂಬಯಿಯಲ್ಲೇ ನಡೆದರೆ ನಾನೂ ಹೊರಗೆ ಕಾಯುತ್ತೇನೆ.

ಹಿಂಜವಡಿ ತಂತ್ರಜ್ಞೆ

ಮೊದಲನೇ ಪ್ರಶ್ನೆಗೆ ಒಂದು ಪದ ಸೇರಿಸಿ ರಾಯರೇ: "ಬ್ಯಾಕಪ್ ಪ್ರತಿಗಳೂ ಸೇರಿದಂತೆ". ಅದಿಲ್ಲದಿದ್ದರೆ ಅವರು ಅಳಿಸಿದ್ದೇವೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು.

ಡೊಂಬಿವಲಿ ರಾಯರು

ಸೇರಿಸಿದೆ. ನಾಳೆ ಬೆಳಿಗ್ಗೆ ಅಂಚೆಗೆ ಹಾಕುತ್ತೇನೆ.